ಅಮೀರನ ಮನೆಯ ಫ್ರೆಂಚ್ ವೈದ್ಯ

ಪ್ರಶ್ನೆ: ಮೊಗಲರ ಕಾಲದ ಅಮೀರರು ಐರೋಪ್ಯ ವೈದ್ಯರನ್ನು ಸಂಬಳ ಕೊಟ್ಟು ಇರಿಸಿಕೊಳ್ಳುತ್ತಿದ್ದರೆಂದು ಓದಿದ್ದೇನೆ. ಪರದೆಯ ಪದ್ಧತಿ ಬಿಗಿಯಾಗಿದ್ದಾಗ ಅವರು ಅಂತಃಪುರದ ಸ್ತ್ರೀಯರಿಗೆ ಹೇಗೆ ಚಿಕಿತ್ಸೆ ಮಾಡುತ್ತಿದ್ದರು? ನಮ್ಮ ವೈದ್ಯಪದ್ಧತಿಯ ಬಗ್ಗೆ ಅವರ ಅಭಿಪ್ರಾಯವೇನಿತ್ತು?
— ಒಬ್ಬ ಓದುಗರು, ಧಾರವಾಡ

ಉತ್ತರ: ಇದಕ್ಕೆ ನೇರವಾದ ಸಾಕ್ಷ್ಯವನ್ನು ಬರೆದಿಟ್ಟವನು ಫ್ರಾನ್ಸಿನ ಫ್ರಾನ್ಸ್ವಾ ಬರ್ನಿಯರ್. 1652ರಲ್ಲಿ ಮಾಂಪೆಲಿಯೆಯಲ್ಲಿ ವೈದ್ಯಪದವಿ ಪಡೆದ ಈತ, ಷಹಜಹಾನನ ಮಕ್ಕಳು ಸಿಂಹಾಸನಕ್ಕಾಗಿ ಕಾದಾಡುತ್ತಿದ್ದ ಕಾಲದಲ್ಲಿ ಸೂರತ್ತಿಗೆ ಬಂದಿಳಿದನು. 1659ರಲ್ಲಿ ಅಜ್ಮೀರದ ಬಳಿ ಸೋತು ಓಡುತ್ತಿದ್ದ ಷಹಜಹಾನನ ಹಿರಿಯ ಮಗ ದಾರಾ ಶಿಕೋ ದಾರಿಯಲ್ಲಿ ಎದುರಾಗಿ, ಕಾಲಿನ ಬೇನೆಯಿಂದ ನರಳುತ್ತಿದ್ದ ತನ್ನ ಪತ್ನಿಯೊಬ್ಬಳ ಚಿಕಿತ್ಸೆಗೆ ಬೇರೆ ವೈದ್ಯರಿಲ್ಲದ ಕಾರಣ ಇವನನ್ನೇ ಒತ್ತಾಯದಿಂದ ಜೊತೆಗೆ ಕರೆದೊಯ್ದನು. ಆ ಸಂಗ ಬೇಗನೆ ಮುಗಿಯಿತು. ಮುಂದೆ ದಿಲ್ಲಿಯಲ್ಲಿ ಬರ್ನಿಯರನಿಗೆ ಆಶ್ರಯ ಕೊಟ್ಟವನು ಔರಂಗಜೇಬನ ಆಸ್ಥಾನದ ಅಮೀರ, ಪರ್ಷಿಯಾ ಮೂಲದ ವಿದ್ವಾಂಸ ದಾನಿಶ್‌ಮಂದ್ ಖಾನ್.

ಅಂತಃಪುರದ ರೋಗಿಯನ್ನು ಹೊರಬಾಗಿಲವರೆಗೆ ಕರೆತಂದು ವೈದ್ಯನಿಗೆ ತೋರಿಸುವುದು ವಾಡಿಕೆಯಾಗಿತ್ತು. ಬಾದಶಹ ದಿಲ್ಲಿಯಲ್ಲಿಲ್ಲದ ಒಂದು ಸಂದರ್ಭದಲ್ಲಿ, ಅಲುಗಾಡಿಸಲೂ ಆಗದಷ್ಟು ಕಾಯಿಲೆ ಬಿದ್ದಿದ್ದ ದೊಡ್ಡ ಮನೆತನದ ಸ್ತ್ರೀಯೊಬ್ಬಳಿಗಾಗಿ ಬರ್ನಿಯರನನ್ನು ಅರಮನೆಯ ಒಳಕ್ಕೆ ಕರೆಸಿಕೊಂಡರು. ಆಗ ಅವನ ತಲೆಯಿಂದ ಪಾದದವರೆಗೆ ಕಾಶ್ಮೀರಿ ಶಾಲು ಹೊದಿಸಿ, ಕುರುಡನನ್ನು ನಡೆಸುವಂತೆ ಅಂತಃಪುರದ ನಪುಂಸಕ ಸೇವಕನಾದ ಒಬ್ಬ ಖೋಜಾ ಕೈ ಹಿಡಿದು ನಡೆಸಿದನೆಂದು ಅವನೇ ಬರೆದಿದ್ದಾನೆ. ರೋಗಿ ಬಾಳುವ ಜಾಗ, ಅಲ್ಲಿನ ಗಾಳಿ ಬೆಳಕು, ಸುತ್ತಲಿನ ಜನ ಇವೊಂದನ್ನೂ ನೋಡಲಾಗದೆ ಔಷಧ ಹೇಳಬೇಕಾದ ವೈದ್ಯನ ಕಷ್ಟ ಸಣ್ಣದಲ್ಲ. ಆ ಸ್ತ್ರೀಯ ಕಷ್ಟ ಅದಕ್ಕಿಂತ ದೊಡ್ಡದು.

ಆದರೆ ಅಮೀರನ ಮನೆಯಲ್ಲಿ ಬರ್ನಿಯರನ ಮುಖ್ಯ ಕೆಲಸ ನಾಡಿ ನೋಡುವುದಾಗಿರಲಿಲ್ಲ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ರಕ್ತಪರಿಚಲನೆಯ ಬಗ್ಗೆ ಇಂಗ್ಲೆಂಡಿನ ವೈದ್ಯ ಹಾರ್ವೆ 1628ರಲ್ಲಿ ಪ್ರಕಟಿಸಿದ ಸಿದ್ಧಾಂತವನ್ನೂ, ಆಹಾರರಸವನ್ನು ರಕ್ತಕ್ಕೆ ಒಯ್ಯುವ ನಾಳಗಳ ಬಗ್ಗೆ ಫ್ರಾನ್ಸಿನ ವೈದ್ಯ ಪೆಕೆ ಕಂಡುಕೊಂಡದ್ದನ್ನೂ ಖಾನನಿಗೆ ವಿವರಿಸುವುದು, ಫ್ರೆಂಚ್ ತತ್ತ್ವಜ್ಞಾನಿಗಳಾದ ಗಸ್ಸೆಂದಿ ಮತ್ತು ಡೇಕಾರ್ಟ್‌ರ ತತ್ತ್ವವಿಚಾರವನ್ನು ಪಾರ್ಸಿ ಭಾಷೆಗೆ ತಂದು ಓದಿಸುವುದು, ಐದಾರು ವರ್ಷ ಇದೇ ತನ್ನ ಪ್ರಧಾನ ಉದ್ಯೋಗವಾಗಿತ್ತೆಂದು ಅವನು ಹೇಳುತ್ತಾನೆ. ಅದೇ ಮನೆಯಲ್ಲಿ ಒಬ್ಬ ಸಂಸ್ಕೃತ ಪಂಡಿತನೂ ಇದ್ದನು. ಮನೆಯೊಡೆಯನಿಗೆ ಇಂಥ ಜ್ಞಾನದಾಹ ಇಲ್ಲದಿದ್ದರೆ ಪರದೇಶದ ವೈದ್ಯನೊಬ್ಬ ಅಲ್ಲಿ ಅಷ್ಟು ಕಾಲ ನಿಲ್ಲುತ್ತಿದ್ದನೆಂದು ನನಗೆ ತೋರುವುದಿಲ್ಲ.

ಇನ್ನು ನಮ್ಮ ವೈದ್ಯದ ಮಾತು. ಹಿಂದೂ ವೈದ್ಯರಿಗೆ ಅಂಗರಚನೆಯ ಅರಿವೇ ಇಲ್ಲವೆಂದೂ, ಖಾನನಿಗೆ ರಕ್ತದ ಚಲನೆಯನ್ನು ತೋರಿಸಲು ತಾನು ಜೀವಂತ ಆಡು ಕುರಿಗಳನ್ನು ಸೀಳಿದಾಗ ಅವರು ನಡುಗಿ ಓಡಿಹೋದರೆಂದೂ ಬರ್ನಿಯರ್ ಬರೆಯುತ್ತಾನೆ. ಶವವನ್ನು ಹರಿಯುವ ನೀರಿನಲ್ಲಿ ನೆನೆಯಿಟ್ಟು ಪದರ ಪದರವಾಗಿ ಪರೀಕ್ಷಿಸಿ ಕಲಿಯಬೇಕೆಂದು ಸುಶ್ರುತಸಂಹಿತೆ ವಿಧಿಸಿದ್ದ ನಾಡಿನ ಬಗ್ಗೆ ಈ ಮಾತು ಬಂದದ್ದು ನೋವಿನ ಸಂಗತಿ. ಆದರೂ ಗ್ರಂಥದಲ್ಲಿ ಉಳಿದದ್ದು ರೂಢಿಯಲ್ಲಿ ಅಳಿದಿತ್ತೆಂಬುದನ್ನು ಒಪ್ಪಲೇಬೇಕು. ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಅವನು ಅವಸರದ ತೀರ್ಪು ಕೊಡುವುದಿಲ್ಲ. ಜ್ವರಕ್ಕೆ ಲಂಘನವೇ ಪರಮೌಷಧವೆಂದೂ, ಜ್ವರ ಬಂದವನಿಗೆ ಮಾಂಸದ ಸಾರಿನಷ್ಟು ಕೆಟ್ಟದ್ದಿಲ್ಲವೆಂದೂ ಇಲ್ಲಿಯವರು ನಂಬಿದ್ದರು. ರಕ್ತ ತೆಗೆಯುವುದು ಅವರಲ್ಲಿ ಅಪರೂಪವಾಗಿತ್ತು. ಇದು ಸರಿಯೋ ತಪ್ಪೋ ಎಂಬುದನ್ನು ತನ್ನ ದೇಶದ ವೈದ್ಯರ ವಿವೇಚನೆಗೆ ಬಿಟ್ಟ ಬರ್ನಿಯರ್, ಹಿಂದೂಸ್ಥಾನದಲ್ಲಿ ಈ ಕ್ರಮ ಫಲ ಕೊಡುತ್ತದೆ, ಮುಸಲ್ಮಾನ ಹಕೀಮರೂ ಇದನ್ನು, ಮುಖ್ಯವಾಗಿ ಮಾಂಸದ ಸಾರನ್ನು ಬಿಡುವ ಪಥ್ಯವನ್ನು, ಅನುಸರಿಸುತ್ತಾರೆ ಎಂದು ದಾಖಲಿಸಿದ್ದಾನೆ.