ಹಳೆಯ ಮನೆಗಳ ಮರಗೆಲಸವನ್ನು ಎಲ್ಲಿ, ಹೇಗೆ ಕಲಿಯಬೇಕು?

ಯಂತ್ರಗಳಲ್ಲಿ ಪೀಠೋಪಕರಣ ಮಾಡಬಲ್ಲೆ, ಆದರೆ ಹಳೆಯ ತೊಟ್ಟಿಮನೆಗಳನ್ನು ದುರಸ್ತಿ ಮಾಡುವ ಸಾಂಪ್ರದಾಯಿಕ ಮರಗೆಲಸವನ್ನು ಎಲ್ಲಿ ಕಲಿಯಬೇಕೆಂದು ತಿಳಿಯುತ್ತಿಲ್ಲ ಎಂದು ಕೇಳಿದ್ದೀರಿ. ಉಡುಪಿಯ ಕಡೆ ಆಚಾರಿಯೊಬ್ಬರ ಕೈಕೆಳಗೆ ಆರು ವರ್ಷ ದುಡಿದ ನನಗನಿಸುವಂತೆ, ಈ ವಿದ್ಯೆಯಲ್ಲಿ ಕಟ್ಟುವುದಕ್ಕಿಂತ ಮೊದಲು ಬಿಚ್ಚುವುದನ್ನು ಕಲಿಯಬೇಕು.

ನನ್ನ ಮೊದಲ ವರ್ಷ ಬಹುಪಾಲು ಅದರಲ್ಲೇ ಕಳೆಯಿತು. ಮುಚ್ಚಿಗೆಯ (ಮರದ ಒಳಚಾವಣಿಯ) ಹಲಗೆ, ಅದನ್ನು ಹೊರುವ ಜಂತಿ, ಜಂತಿಯನ್ನು ಹೊರುವ ತೊಲೆ, ಕಂಬದ ತಲೆಯ ಮೇಲಿನ ಬೋದಿಗೆ, ಕಂಬ ಹೀಗೆ ಮೇಲಿನಿಂದ ಇಳಿಸುತ್ತ, ಪ್ರತಿಯೊಂದರ ಕಾಣದ ಬದಿಯಲ್ಲಿ ಉಳಿಯಿಂದ ಗುರುತು ಕೆತ್ತಬೇಕು. ಸೀಮೆಸುಣ್ಣದ ಗುರುತು ಒಂದು ಮಳೆಗೇ ಅಳಿಸಿಹೋಗುತ್ತದೆ. ಕೂಡಿಕೆಯಲ್ಲಿರುವ ಮರದ ಆಣಿಯ ಸಣ್ಣ ತುದಿ ಯಾವ ಕಡೆಗಿದೆಯೆಂದು ನೋಡಿ ಅಲ್ಲಿಂದ ಕೊಡತಿಯಲ್ಲಿ (ಮರದ ಸುತ್ತಿಗೆಯಲ್ಲಿ) ಮೆಲ್ಲನೆ ತಟ್ಟಿದರೆ ಅದು ಜಾರಿ ಬರುತ್ತದೆ, ಎದುರು ಕಡೆಯಿಂದ ಹೊಡೆದರೆ ಕಂಬವೇ ಸೀಳುತ್ತದೆ. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಉಬ್ಬಿ ಸುತ್ತಲಿನ ಮರವನ್ನು ಒಡೆಯುವುದರಿಂದ, ಹೊಸ ಆಣಿಯನ್ನೂ ಮರದಲ್ಲೇ ಮಾಡುವುದು ಒಳ್ಳೆಯದು.

ಕಂಬದ ಬುಡ ಕೊಳೆತಿದ್ದರೆ ಇಡೀ ಕಂಬವನ್ನು ಬದಲಿಸುವುದು ಸೋಮಾರಿತನ. ಗಟ್ಟಿ ಚೇಗು (ಮರದ ಒಳತಿರುಳು) ಸಿಗುವಲ್ಲಿಯವರೆಗೆ ಮಾತ್ರ ಕತ್ತರಿಸಿ, ಉಳಿದ ಕಂಬ ಮತ್ತು ಬುಡಕ್ಕೆ ಕೊಡುವ ಹೊಸ ತುಂಡು ಎರಡನ್ನೂ ಸೇರುವ ತುದಿಯಲ್ಲಿ ಅರ್ಧರ್ಧ ದಪ್ಪಕ್ಕೆ ಕಡಿದು ಒಂದರ ಮೇಲೊಂದು ಭಾರ ಹೊತ್ತು ಕೂರುವಂತೆ ಜೋಡಿಸಬೇಕು. ಹಲಸಿಗೆ ಹಲಸು, ಸಾಗುವಾನಿಗೆ ಸಾಗುವಾನಿ. ಕೆಡವಿದ ಮನೆಗಳ ಮರ ಮಾರುವವರಲ್ಲಿ ಹುಡುಕಿದರೆ ಚೆನ್ನಾಗಿ ಒಣಗಿದ್ದು ಸಿಗುತ್ತದೆ.

ಹಾಗೆಂದು ಒಣಗಿದ ಮರವೂ ಸುಮ್ಮನಿರುವುದಿಲ್ಲ. ಏಪ್ರಿಲ್‌ನಲ್ಲಿ ಕೂದಲೆಳೆಯ ಸಂದೂ ಇಲ್ಲದಂತೆ ನಾನು ಹೆಮ್ಮೆಯಿಂದ ಕೂರಿಸಿದ ಬಾಗಿಲು ಜೂನ್ ಕೊನೆಗೆ ಉಬ್ಬಿತು. ಮನೆಯ ಯಜಮಾನರು ಭುಜ ಕೊಟ್ಟು ತಳ್ಳಬೇಕಾಯಿತು. ಅಂಚು ಕೀಸಿ ಸಣ್ಣದು ಮಾಡಲು ನಾನು ಕೀಸುಳಿ ಹಿಡಿದು ಹೊರಟಾಗ ಆಚಾರ್ರು ತಡೆದು, "ಈಗ ಕೀಸಿದರೆ ಬೇಸಗೆಯಲ್ಲಿ ಬೆರಳು ತೂರುತ್ತದೆ, ಮಳೆ ಹೋಗಲಿ" ಎಂದರು.

ಕಾರ್ಕಳದ ಬಳಿಯ ಮಿಯ್ಯಾರಿನಲ್ಲಿರುವ ಸಿ.ಇ. ಕಾಮತ್ ಸಂಸ್ಥೆಯಲ್ಲಿ ಮರದ ಕೆತ್ತನೆ ಕಲಿಸುತ್ತಾರೆ. ಅದು ಮನೆಕಟ್ಟಿನ ಕೆಲಸವಲ್ಲವಾದರೂ ಉಳಿಯ ಮೇಲೆ ಹಿಡಿತ ಬರುತ್ತದೆ. ಬೇರೆಡೆಯ ಮನೆಗಳನ್ನು ಬಿಚ್ಚಿ ತಂದು ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಮರಳಿ ನಿಲ್ಲಿಸಿದ ಹಸ್ತಶಿಲ್ಪ ಗ್ರಾಮಕ್ಕೂ ಹೋಗಿ ಬನ್ನಿ. ಅಲ್ಲಿ ಕೆತ್ತನೆಗೆ ಮರುಳಾಗದೆ ತೊಲೆ ಕಂಬಕ್ಕೆ ಸೇರುವ ಜಾಗವನ್ನು ತಲೆಯೆತ್ತಿ ನೋಡಿ. ಉಳಿದದ್ದಕ್ಕೆ ಆಚಾರಿಯ ಬಳಿಗೇ ಹೋಗಬೇಕು. ಮನೆಯ ಮಾಡು (ಚಾವಣಿ) ಬಿಚ್ಚುವ ಕೆಲಸ ಮಳೆಗಾಲದಲ್ಲಿ ನಡೆಯದು, ಆದ್ದರಿಂದ ದೀಪಾವಳಿಯ ಹೊತ್ತಿಗೆ ಕೇಳಿಕೊಂಡು ಹೋಗಿ. ಮೊದಲ ತಿಂಗಳು ಉಳಿ ಮಸೆಯುವ ಕೆಲಸವನ್ನಷ್ಟೇ ಕೊಟ್ಟರೆ ಬೇಸರಪಟ್ಟುಕೊಳ್ಳಬೇಡಿ.