ಸ್ಕ್ರಿಪ್ಟ್‌ಲೆಸ್ ಟೂಲ್ ಬಂದ ಮೇಲೂ ಸೆಲೆನಿಯಂ ಕಲಿಯಬೇಕಾ?

ನಾಲ್ಕು ವರ್ಷ ಮ್ಯಾನುಯಲ್ ಟೆಸ್ಟಿಂಗ್, ಅಂದರೆ ಸಾಫ್ಟ್‌ವೇರನ್ನು ಕೈಯಾರೆ ಓಡಿಸಿ ನೋಡುವ ಕೆಲಸ, ಮಾಡಿದ್ದೀರಿ. ಈಗ ನಿಮ್ಮ ಆಫೀಸಿಗೆ, ಕೋಡ್ ಬರೆಯದೆಯೇ ಟೆಸ್ಟ್ ಓಡಿಸುವ ಸ್ಕ್ರಿಪ್ಟ್‌ಲೆಸ್ ಟೂಲ್ ಬರುತ್ತಿದೆ. ಇನ್ನು ಜಾವಾ ಭಾಷೆ, ಕೋಡ್ ಬರೆದು ಬ್ರೌಸರ್‌ನಲ್ಲಿ ಟೆಸ್ಟ್ ಓಡಿಸುವ ಸೆಲೆನಿಯಂ ಕಲಿತು ಏನು ಪ್ರಯೋಜನ ಅಂತ ಕೇಳಿದ್ದೀರಿ. ಕಲಿಯಿರಿ ಅಂತಲೇ ನಾನು ಹೇಳುವುದು. ದಿನವಿಡೀ ಕೋಡ್ ಬರೆಯುವುದಕ್ಕಲ್ಲ. ಟೂಲ್ ಮಾಡಿದ ಕೆಲಸ ಸರಿಯೋ ತಪ್ಪೋ ಅಂತ ನೋಡಿ ಹೇಳುವುದಕ್ಕೆ.

ಕೋಡ್ ಇಲ್ಲದೆ ಆಟೊಮೇಷನ್ ಅನ್ನುವುದು ಹೊಸ ಮಾತೇನಲ್ಲ. 1990ರ ದಶಕದಲ್ಲೇ ಮರ್ಕ್ಯುರಿ ಕಂಪನಿಯ ವಿನ್‌ರನ್ನರ್ ಇತ್ತು. ನೀವು ಕ್ಲಿಕ್ ಮಾಡಿದ್ದು, ಟೈಪ್ ಮಾಡಿದ್ದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡು ಮತ್ತೆ ಓಡಿಸುತ್ತಿತ್ತು. 2006ರ ಹೊತ್ತಿಗೆ ಸೆಲೆನಿಯಂನದೇ ರೆಕಾರ್ಡಿಂಗ್ ಟೂಲ್ ಸೆಲೆನಿಯಂ ಐಡಿಇ ಇದನ್ನೇ ಫೈರ್‌ಫಾಕ್ಸ್ ಬ್ರೌಸರ್ ಒಳಗೆ ಪುಕ್ಕಟೆಯಾಗಿ ಕೊಟ್ಟಿತು. ರೆಕಾರ್ಡ್ ಮಾಡುವುದು ಯಾವತ್ತೂ ಕಷ್ಟವಾಗಿರಲಿಲ್ಲ. ಸ್ಕ್ರೀನ್ ಸ್ವಲ್ಪ ಬದಲಾದರೂ ಟೆಸ್ಟ್‌ಗಳು ಸಾಲಾಗಿ ಫೇಲ್ ಆಗುತ್ತಿದ್ದವು, ಅದೇ ದೊಡ್ಡ ತಲೆನೋವು.

ಆ ತಲೆನೋವಿಗೆ ಈಗಿನ ಟೂಲ್‌ಗಳು ಕೊಡುವ ಮದ್ದು ಸೆಲ್ಫ್ ಹೀಲಿಂಗ್. ಬಟನ್‌ನ ಐಡಿ (ಕೋಡ್‌ನಲ್ಲಿ ಅದಕ್ಕಿಟ್ಟ ಗುರುತು) ಬದಲಾದರೆ ಅದರ ಹೆಸರು, ಜಾಗ, ಅಕ್ಕಪಕ್ಕದ ಎಲಿಮೆಂಟ್ ನೋಡಿ ಟೂಲ್ ತಾನೇ ಹುಡುಕಿಕೊಳ್ಳುತ್ತದೆ. ನಿಜಕ್ಕೂ ಸಮಯ ಉಳಿಯುತ್ತದೆ. ಆದರೆ ಇಲ್ಲೇ ಎಚ್ಚರ ಬೇಕು. ಒಂದು ಶಾಪಿಂಗ್ ಸೈಟ್ ಅಂದುಕೊಳ್ಳಿ. ಕಾರ್ಟ್‌ನಲ್ಲಿ 1,000 ರೂಪಾಯಿ ಸಾಮಾನು, ಶೇ. 10ರ ಕೂಪನ್, ಬಿಲ್ 900 ಆಗಬೇಕು. ಸೈಟಿನ ಹೊಸ ಬಿಲ್ಡ್‌ನಲ್ಲಿ (ಆವೃತ್ತಿಯಲ್ಲಿ) ಕೂಪನ್ ಪಕ್ಕದ 'ಅಪ್ಲೈ' ಬಟನ್‌ನ ಐಡಿ ಬದಲಾಗಿದೆ. ಅದೇ ಪೇಜಿನಲ್ಲಿ ಗಿಫ್ಟ್ ಕಾರ್ಡ್‌ಗೂ ಒಂದು 'ಅಪ್ಲೈ' ಇದೆ. ಟೂಲ್ ಅದನ್ನು ಒತ್ತುತ್ತದೆ. ಪೇಮೆಂಟ್ ಆಗುತ್ತದೆ, 'ಆರ್ಡರ್ ಆಯಿತು' ಅಂತ ಬರುತ್ತದೆ, ಟೆಸ್ಟ್ ಪಾಸ್. ಬಿಲ್ ಮಾತ್ರ 1,000. ಕೂಪನ್ ಕೆಲಸ ಮಾಡುತ್ತದೋ ಇಲ್ಲವೋ ಅಂತ ಯಾರೂ ನೋಡಲೇ ಇಲ್ಲ, ಅಲ್ವಾ?

ಕೊನೆಯಲ್ಲಿ ಬಿಲ್ 900 ಇರಲೇಬೇಕು ಅನ್ನುವ ಅಸರ್ಷನ್ (ಫಲಿತಾಂಶ ತಾಳೆ ನೋಡುವ ಹೆಜ್ಜೆ) ಇದ್ದಿದ್ದರೆ ತಕ್ಷಣ ಸಿಕ್ಕಿಬೀಳುತ್ತಿತ್ತು. ಸುಮ್ನೆ ಕ್ಲಿಕ್ ರೆಕಾರ್ಡ್ ಮಾಡಿದರೆ ಅದು ಬರುವುದಿಲ್ಲ. ಎಷ್ಟು ಬರಬೇಕು, ಎರಡು ಕೂಪನ್ ಹಾಕಿದರೆ ಏನಾಗಬೇಕು, ಸಾಮಾನು ವಾಪಸ್ ಕೊಟ್ಟರೆ ಎಷ್ಟು ದುಡ್ಡು ಮರಳಬೇಕು, ಇದೆಲ್ಲ ವ್ಯವಹಾರ ಗೊತ್ತಿರುವ ಟೆಸ್ಟರ್ ಹೇಳಬೇಕು. ನಿಮ್ಮ ನಾಲ್ಕು ವರ್ಷದ ಬೆಲೆ ಇರುವುದೇ ಇಲ್ಲಿ. ದಯವಿಟ್ಟು ಅದನ್ನು ಕಡಿಮೆ ಅಂದುಕೊಳ್ಳಬೇಡಿ.

ಸ್ಕ್ರಿಪ್ಟ್‌ಲೆಸ್ ಎಲ್ಲೂ ಬೇಡ ಅಂತ ನಾನು ಹೇಳುವುದಿಲ್ಲ. ಕಂಪನಿಗಳ ವ್ಯವಹಾರ ನಡೆಸುವ ಎಸ್‌ಎಪಿ ಥರದ ದೊಡ್ಡ ಪ್ಯಾಕೇಜ್‌ಗಳಲ್ಲಿ ಟೋಸ್ಕಾದಂಥ ಸ್ಕ್ರಿಪ್ಟ್‌ಲೆಸ್ ಟೂಲ್ ಚೆನ್ನಾಗಿ ನಡೆಯುತ್ತದೆ. ಅಲ್ಲಿ ಕೆಲಸ ಬಲ್ಲವರಿಗೆ ಕೋಡ್ ಬರಬೇಕಾಗಿಲ್ಲ. ಚಿಂತೆ ಇರುವುದು ಟೆಸ್ಟ್‌ಗಳು ಒಂದೇ ಟೂಲ್‌ಗೆ ಅಂಟಿಕೊಳ್ಳುವುದರ ಬಗ್ಗೆ. 2017ರಲ್ಲಿ ಫೈರ್‌ಫಾಕ್ಸ್ 55 ಬಂದಾಗ ಹಳೆಯ ಸೆಲೆನಿಯಂ ಐಡಿಇ ಅದರಲ್ಲಿ ಓಡುವುದೇ ನಿಂತುಹೋಯಿತು. ಆಮೇಲೆ ಅದನ್ನು ಹೊಸದಾಗಿ ಕಟ್ಟಬೇಕಾಯಿತು. ಲೈಸೆನ್ಸ್ ಟೂಲ್‌ನಲ್ಲಾದರೆ ರಿನ್ಯೂವಲ್ ಮಾಡದಿದ್ದ ದಿನವೇ ಟೆಸ್ಟ್‌ಗಳೂ ಕೈತಪ್ಪಬಹುದು.

ಮುಂದಿನ ದಾರಿ ಎಲ್ಲಿಗೆ ಅಂದರೆ, ನನಗೆ ಕಾಣುವುದು ಇಷ್ಟು: ಕೋಡ್ ಇರುತ್ತದೆ, ಕೈಯಲ್ಲಿ ಬರೆಯುವುದು ಕಡಿಮೆಯಾಗುತ್ತದೆ. ಮೈಕ್ರೋಸಾಫ್ಟ್‌ನ ಪ್ಲೇರೈಟ್ ಅನ್ನುವ ಟೆಸ್ಟಿಂಗ್ ಟೂಲ್‌ನಲ್ಲಿ 2025ರಲ್ಲಿ ಮೂರು ಎಐ ಏಜೆಂಟ್‌ಗಳು ಬಂದವು. ಒಂದು ಟೆಸ್ಟ್ ಪ್ಲ್ಯಾನ್ ಮಾಡುತ್ತದೆ, ಒಂದು ಕೋಡ್ ಬರೆಯುತ್ತದೆ, ಇನ್ನೊಂದು ಫೇಲ್ ಆಗಿದ್ದನ್ನು ರಿಪೇರಿ ಮಾಡುತ್ತದೆ. ಕೊನೆಗೆ ಕೈಗೆ ಸಿಗುವುದು ಮಾಮೂಲಿ ಕೋಡ್ ಫೈಲ್. ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಡಬಹುದು, ಏನು ಬದಲಾಯಿತು ಅಂತ ಸಾಲು ಸಾಲಾಗಿ ನೋಡಬಹುದು. ನೋಡುವವರಿಗೆ ಓದಲು ಬರಬೇಕು, ಅಷ್ಟೇ.

ಹಾಗಾಗಿ ಒಂದು ಕೋಡಿಂಗ್ ಭಾಷೆಯ ಬೇಸಿಕ್ಸ್, ಲೊಕೇಟರ್ (ಪೇಜಿನಲ್ಲಿ ಬಟನ್ ಇತ್ಯಾದಿ ಹುಡುಕುವ ವಿಳಾಸ), ಎಪಿಐ ಟೆಸ್ಟಿಂಗ್ (ಸ್ಕ್ರೀನ್ ಇಲ್ಲದೆ ಸಾಫ್ಟ್‌ವೇರ್‌ಗಳ ನಡುವಿನ ಮಾತುಕತೆ ಪರೀಕ್ಷಿಸುವುದು), ಡೇಟಾಬೇಸ್ ನೋಡಲು ಸ್ವಲ್ಪ ಎಸ್‌ಕ್ಯೂಎಲ್ ಕಲಿತುಕೊಳ್ಳಿ. ಆಮೇಲೆ ಆ ಟೂಲ್ ಕಂಪನಿಯವರು ಡೆಮೊಗೆ ಬಂದಾಗ ಬೇಕಂತಲೇ ಒಂದು ಬಟನ್‌ನ ಐಡಿ ಬದಲಾಯಿಸಿ, ಬಿಲ್ ಮೊತ್ತವನ್ನೂ ತಪ್ಪಾಗಿಸಿ ಓಡಿಸಲು ಹೇಳಿ. ಯಾವ ಬಟನ್ ಬದಲು ಯಾವುದನ್ನು ಒತ್ತಿತು ಅಂತ ರಿಪೋರ್ಟ್‌ನಲ್ಲಿ ತೋರಿಸುತ್ತದಾ, ಟೆಸ್ಟ್‌ಗಳನ್ನು ಕೋಡ್ ರೂಪದಲ್ಲಿ ಹೊರಗೆ ತೆಗೆಯಬಹುದಾ, ಈ ಎರಡನ್ನೂ ಮ್ಯಾನೇಜರ್ ಎದುರಿಗೇ ಕೇಳಿ.