ಪಲ್ಪ್ ನಾರು ಅಳೆಯೋಕೆ ಅಲ್ಟ್ರಾಸೌಂಡ್ ಯಾಕೆ?

ಪ್ರ: ಸಾರ್, ನಮ್ಮೂರು ದಾಂಡೇಲಿ, ಪೇಪರ್ ಮಿಲ್ ವಾಸನೇಲೇ ಬೆಳೆದೋರು ನಾವು. ಮರದ ಪಲ್ಪ್‌ನ (ಪೇಪರ್ ಮಾಡೋಕೆ ಮರದಿಂದ ತೆಗೆಯೋ ತಿರುಳು) ನಾರು ಅಳೆಯೋಕೆ ಲೈಟ್ ಜೊತೆ ಅಲ್ಟ್ರಾಸೌಂಡೂ ಬಳಸ್ತಾರಂತೆ. ಕ್ಯಾಮೆರಾ ಇರುವಾಗ ಸೌಂಡ್ ಯಾಕೆ? ಹೊಟ್ಟೆ ಸ್ಕ್ಯಾನಿಂಗ್ ಥರಾನಾ?

ಉ: ಸ್ಕ್ಯಾನಿಂಗ್ ಥರ ಅಲ್ಲ. ಇಲ್ಲಿ ನೋಡೋ ಕೆಲಸ ಲೈಟ್‌ದೇ, ಸೌಂಡ್ ಇರೋದು ನಾರನ್ನ ತಳ್ಳೋಕೆ.

ಬರೀ ಉದ್ದ ಬೇಕಂದ್ರೆ ಲೈಟ್ ಸಾಕು. ಪೈನ್ ನಾರು ಸುಮಾರು 3 ಮಿ.ಮೀ., ನಿಮ್ಮ ಕಡೆ ಮಿಲ್‌ಗೆ ಬರೋ ನೀಲಗಿರಿದು 1 ಮಿ.ಮೀ.ಗಿಂತ ಕಮ್ಮಿ. ಪಲ್ಪ್‌ಗೆ ಚೆನ್ನಾಗಿ ನೀರು ಬೆರೆಸಿ ಸಣ್ಣ ಗಾಜಿನ ಕೊಳವೇಲಿ ಹರಿಸಿ, ಆಚೆ ಈಚೆ ಒಂದಕ್ಕೊಂದು ಅಡ್ಡವಾಗಿ ಪೋಲರೈಸರ್ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಮಾತ್ರ ಬಿಡೋ ಫಿಲ್ಟರ್) ಇಟ್ರೆ ನೀರೆಲ್ಲ ಕಪ್ಪಗೆ ಕಾಣುತ್ತೆ, ಸೆಲ್ಯುಲೋಸ್ ನಾರು ಮಾತ್ರ ಬೆಳ್ಳಗೆ ಹೊಳೆಯುತ್ತೆ, ಯಾಕಂದ್ರೆ ಅದು ಬೆಳಕಿನ ಕಂಪನದ ದಿಕ್ಕನ್ನೇ ಬದಲಾಯಿಸುತ್ತೆ. ಆಮೇಲೆ ಕಂಪ್ಯೂಟರ್ ಉದ್ದ ಅಳ್ಕೊಳ್ಳುತ್ತೆ.

ಆದ್ರೆ ಪೇಪರ್ ಗಟ್ಟಿ ಆಗೋದು ಉದ್ದ ಒಂದರಿಂದಲೇ ಅಲ್ವಲ್ಲ. ಮೆತ್ತಗಿರೋ ನಾರು ಚಪ್ಪಟೆಯಾಗಿ ಪಕ್ಕದ್ದಕ್ಕೆ ಅಂಟ್ಕೊಳ್ಳುತ್ತೆ, ಪೆಡಸಾದ್ದು ಕೊಳವೆ ಥರಾನೇ ಉಳಿಯುತ್ತೆ. ಒಂದ್ಸಲ ಒಣಗಿದ ರದ್ದಿ ಪೇಪರ್ ನಾರು ಮೊದಲಿನಷ್ಟು ಉಬ್ಬಲ್ಲ, ಪೆಡಸಾಗಿಬಿಡುತ್ತೆ. ಒಂದೇ ಉದ್ದದ ಹೊಸದು ಹಳೇದು ಎರಡನ್ನೂ ಫೋಟೋದಲ್ಲಿಟ್ರೆ ಇದ್ರಲ್ಲಿ ಮೆತ್ತಗಿರೋದ್ಯಾವುದು ಅಂತ ಹೇಳೋದು ಕಷ್ಟ, ಹಸಿ ಶಾವಿಗೆನಾ ಬೆಂದ ಶಾವಿಗೆನಾ ಅಂತ ಗೊತ್ತಾಗೋಕೆ ಒಂಚೂರು ತಳ್ಳೇ ನೋಡ್ಬೇಕು.

ತಳ್ಳೋಕೆ ಕೈ ಹಾಕೋಕಾಗಲ್ಲ, ನಾರಿನ ಅಗಲ 15ರಿಂದ 40 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಅಷ್ಟೇ! ಅದಕ್ಕೇ ಪಕ್ಕದಿಂದ ಅಲ್ಟ್ರಾಸೌಂಡ್ ಬಿಡೋದು. ಹೋದ ಅಲೆ, ಎದುರು ಗೋಡೆಗೆ ಬಡಿದು ವಾಪಸ್ ಬಂದ ಅಲೆ ಎರಡೂ ಸೇರಿ ನಿಂತ ಅಲೆ, ಅಂದ್ರೆ ಮುಂದಕ್ಕೆ ಹೋಗದೆ ಇದ್ದಲ್ಲೇ ಏರಿಳಿಯೋ ಅಲೆ ಆಗುತ್ತೆ, ನಾರು ಒತ್ತಡದ ಏರಿಳಿತ ಕಮ್ಮಿ ಇರೋ ಜಾಗದ ಕಡೆ ಸರಿಯುತ್ತೆ. 1 ಮೆಗಾಹರ್ಟ್ಸ್ (ಸೆಕೆಂಡಿಗೆ ಹತ್ತು ಲಕ್ಷ ಕಂಪನ) ಆದ್ರೆ ನೀರಲ್ಲಿ ಅಂಥ ಜಾಗ ಸುಮಾರು 0.75 ಮಿ.ಮೀ.ಗೊಂದು. ಪೆಡಸು ನಾರು ಇಡಿಯಾಗಿ ತಿರುಗುತ್ತೆ, ಮೆತ್ತಗಿನದು ನಡುವೆ ಬಾಗುತ್ತೆ, ಎಷ್ಟು ಬಾಗ್ತು ಅನ್ನೋದನ್ನ ಕ್ಯಾಮೆರಾ ಹಿಡಿಯುತ್ತೆ. ಸೌಂಡ್ ಪುಡಿಯನ್ನ ಸಾಲಾಗಿ ಕೂರ್ಸುತ್ತೆ ಅಂತ ಜರ್ಮನಿಯ ಭೌತವಿಜ್ಞಾನಿ ಆಗಸ್ಟ್ ಕುಂಟ್ 1866ರಲ್ಲೇ ಗಾಜಿನ ಕೊಳವೇಲಿ ತೋರಿಸಿದ್ರು, ಹಾಗಾಗಿ ನಂಗಿದು ತೀರಾ ಹೊಸ ಮ್ಯಾಜಿಕ್ ಅನ್ಸಲ್ಲ.

ತಲೆನೋವು ಅಂದ್ರೆ ಗಾಳಿಗುಳ್ಳೆ, ಅಲ್ಟ್ರಾಸೌಂಡನ್ನ ಸಿಕ್ಕಾಪಟ್ಟೆ ಚದುರಿಸುತ್ತೆ. ಮಿಲ್‌ನ ದಪ್ಪ ಪಲ್ಪ್‌ನಲ್ಲಿ ನಾರೆಲ್ಲ ಸಿಕ್ಕಾಗಿರುತ್ತೆ ಬೇರೆ, ಸ್ಯಾಂಪಲ್ ತೆಗೆದು ನೀರು ಬೆರೆಸಿ ತೆಳು ಮಾಡ್ಲೇಬೇಕು. ಮಿಲ್‌ನೋರು ದಿನಾ ಮಾಡೋ ಫ್ರೀನೆಸ್ ಟೆಸ್ಟ್ ಇದಕ್ಕಿಂತ ಸಲೀಸು, ಆದ್ರೆ ಅದು ಹೇಳೋದು ನೀರು ಎಷ್ಟು ಬೇಗ ಬಸಿಯುತ್ತೆ ಅಂತ ಮಾತ್ರ. ನಿಧಾನ ಬಸಿದ್ರೆ ನಾರು ಮೆತ್ತಗಾಗಿದ್ದಕ್ಕೋ ನಾರಿನ ಸಣ್ಣ ಚೂರು ಜಾಸ್ತಿ ಆಗಿದ್ದಕ್ಕೋ ಅಂತ ಆ ಒಂದು ನಂಬರಲ್ಲಿ ಗೊತ್ತಾಗಲ್ಲ.